ಸೂರಿನ ಮೇಲಿನ ಕುಂಬಳಕಾಯಿ

ನನ್ನ ವಾರಗಿತ್ತಿ ಶಿವರತ್ನಮ್ಮನಿಗೆ ಅಡುಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವಳನ್ನು ಹೊಗಳುವುದು ಬೇಕಾದಷ್ಟಿದೆ, ಓದಿದವರು ಇವಳಿಗೆ ಬಾರದ ಕೆಲಸವೇ ಇಲ್ಲವೇನೋ ಅಂದುಕೊಳ್ಳಬಾರದು. ಒಲೆಯ ಮೇಲೆ ಸಾರಿಟ್ಟು ಕೊತ್ತಂಬರಿ ಕೀಳಲು ಹಿತ್ತಿಲಿಗೆ ಹೋದರೆ ಹೋದಳೇ. ಸಾರು ಉಕ್ಕಿ ಒಲೆ ಆರಿ ಹೊಗೆ ತುಂಬಿಕೊಂಡ ಮೇಲೆ ನಾನು ಬೈದುಕೊಂಡು ಹೋಗಿ ನೋಡಿದರೆ, ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಎಲೆಯ ಅಡಿಭಾಗವನ್ನು ನೋಡುತ್ತಿರುತ್ತಿದ್ದಳು.

"ಏನಮ್ಮಿ ಅದು?" ಎಂದರೆ, "ನಂಗೂ ಗೊತ್ತಿಲ್ಲ ಕಣಕ್ಕ, ನೋಡ್ತಾ ಇವ್ನಿ" ಅನ್ನುತ್ತಿದ್ದಳು.

ಅವಳು ಯಳಂದೂರಿನ ಹುಡುಗಿ. ಅಪ್ಪನಿಗೆ ದಿನಸಿ ಅಂಗಡಿ, ಮಗಳನ್ನು ಮಿಡ್ಲಿಸ್ಕೂಲು ಪಾಸು ಮಾಡಿಸಿದ್ದ. ಮಧುವನಹಳ್ಳಿಗೆ, ನನ್ನ ಮೈದುನ ಚಿಕ್ಕಮಾದಪ್ಪನ ಹೆಂಡತಿಯಾಗಿ ಬಂದಾಗ ನಮ್ಮ ಕೊಳ್ಳೇಗಾಲದ ಕಡೆಯೆಲ್ಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರಿಗೆ. ಬಸ್ಸಿನಲ್ಲಿ ಒಂದು ಗಳಿಗೆಯ ದಾರಿ, ಆದರೂ ನಮ್ಮತ್ತೆ ಅವಳನ್ನು "ಮೈಸೂರು ಸೀಮೆಯೋಳು" ಎಂದೇ ಕರೆಯುತ್ತಿದ್ದರು, ಏನೋ ಸಮುದ್ರ ದಾಟಿ ಬಂದವಳ ಹಾಗೆ. ಐವತ್ತಾರರಲ್ಲಿ ನಾವೂ ಮೈಸೂರಿಗೆ ಸೇರಿದೆವು. ಅವತ್ತು ಇವಳು ಅತ್ತೆಯ ಮುಂದೆ ನಿಂತು, "ಇನ್ಮೇಲೆ ಏನಂತ ಕರೀತೀರಿ ಅತ್ತೆ?" ಎಂದು ಕೇಳಿದ್ದಳು. ಮನೆಯಲ್ಲಿ ಅಂಥ ಮಾತಾಡುವ ಧೈರ್ಯ ಅವಳೊಬ್ಬಳಿಗೇ ಇದ್ದದ್ದು.

ಮೂರು ವರ್ಷ ಕಳೆದ ಮೇಲೆ ಬ್ಲಾಕ್ ಆಫೀಸಿನ ಹೆಂಗಸರು ಊರಿಗೆ ಬಂದು ಮಹಿಳಾ ಸಮಾಜ ಮಾಡಿದರು. ಅದರ ಜೊತೆಗೆ ಚಿಕ್ಕ ಮಕ್ಕಳಿಗೊಂದು ಶಿಶುವಿಹಾರ ಆಗಬೇಕು, ಓದಿದ ಹೆಣ್ಣುಮಗಳೊಬ್ಬಳು ಬೇಕು ಎಂದರು. ಊರಿನಲ್ಲಿ ಓದಿದ ಸೊಸೆ ಇವಳೊಬ್ಬಳೇ. ಚಿಕ್ಕಮಾದಪ್ಪ ನನ್ನ ಮುಖ ನೋಡಿದ. "ಓಗ್ಲಿ ಬುಡಪ್ಪ, ಸಾರಾದ್ರೂ ಉಳೀತದೆ" ಎಂದೆ ನಾನು.

ಆದರೆ ಮಕ್ಕಳನ್ನು ಕೂರಿಸಲು ಜಾಗ ಎಲ್ಲಿಂದ ಬರಬೇಕು? ನಮ್ಮ ಊರಿನಲ್ಲಿ ಸ್ವಲ್ಪ ದೊಡ್ಡದು ಅನ್ನಿಸುವ ಮನೆಯಲ್ಲೆಲ್ಲ ರೇಷ್ಮೆಹುಳ ಸಾಕುತ್ತಿದ್ದರು. ಹುಳದ ತಟ್ಟೆ ಇಟ್ಟ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಕಾಲಿಟ್ಟರೆ ಹುಳಕ್ಕೆ ರೋಗ ಬರುತ್ತದೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿರುತ್ತಾರೆ. ಅಂಥ ಕಡೆ ಮೂಗು ಸುರಿಸಿಕೊಂಡು ಕುಣಿಯುವ ಮಕ್ಕಳನ್ನು ಯಾರು ಬಿಟ್ಟುಕೊಳ್ಳುತ್ತಾರೆ? ಕೊನೆಗೆ ಊರಿನ ಸ್ಥಿತಿವಂತರಾದ ಪುಟ್ಟಬಸಪ್ಪನವರು ಹೊಸ ಹುಳದ ಮನೆ ಕಟ್ಟಿಸಿಕೊಂಡಿದ್ದರಿಂದ ಅವರ ಹಿತ್ತಿಲಿನ ಹಳೆಯದು ಖಾಲಿ ಬಿದ್ದಿತ್ತು. ನಾಡಹೆಂಚಿನ ಸೂರು, ಮಣ್ಣಿನ ಗೋಡೆ. ಅದನ್ನು ಕೊಟ್ಟರು. ಕೊಟ್ಟದ್ದು ಅವರು, ಆದರೆ ಆ ಮನೆಯಲ್ಲಿ ಯಾವುದೂ ಅವರ ತಾಯಿ ದೊಡ್ಡಬಸಮ್ಮನವರ ಮಾತು ಮೀರಿ ನಡೆಯುತ್ತಿರಲಿಲ್ಲ. ಮೊಮ್ಮಗಳು ಪುಟ್ಟಮಲ್ಲಿಯೂ ಅಲ್ಲಿಗೇ ಹೋಗಲಿ, ಮನೆಯಲ್ಲಿದ್ದರೆ ಕಾಲಿಗೆ ಸಿಕ್ಕುತ್ತದೆ ಎಂದು ಆಯಮ್ಮ ಒಪ್ಪಿಕೊಂಡರು.

ಶಿವರತ್ನಮ್ಮ ಪಾಠ ಮಾಡುವುದನ್ನು ನೋಡಲು ನಾನು ಮೊದಲ ವಾರವೇ ಹೋದೆ. ಪಾಠ ಎಲ್ಲಿತ್ತು? ಮಕ್ಕಳನ್ನು ಹಿತ್ತಿಲಿಗೆ ಬಿಟ್ಟು ಒಂದೊಂದು ಮಗುವಿಗೂ ಒಂದೊಂದು ಗಿಡ ಹಂಚಿದ್ದಳು. ಒಬ್ಬನಿಗೆ ನುಗ್ಗೆ, ಒಬ್ಬಳಿಗೆ ಅವರೆ ಬಳ್ಳಿ, ಇನ್ನೊಬ್ಬನಿಗೆ ಬೇಲಿಯ ಲಂಟಾನ. ಬೆಳಿಗ್ಗೆ ಬಂದ ತಕ್ಷಣ ಅವರವರ ಗಿಡದ ಮುಂದೆ ಅವರವರು ಕೂರಬೇಕು. ಆಮೇಲೆ ಇವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು. "ನೆನ್ನೆ ಇಲ್ದೆ ಇದ್ದುದ್ದು ಇವತ್ತು ಏನದೆ?"

ಅದಕ್ಕೆ ಮಕ್ಕಳು ಏನು ಹೇಳಿದರೂ ಸರಿ ಎನ್ನುತ್ತಿರಲಿಲ್ಲ, ತಪ್ಪು ಎನ್ನುತ್ತಿರಲಿಲ್ಲ. "ಅಂಗಾ? ತೋರ್ಸು" ಎಂದು ಎದ್ದು ಹೋಗುತ್ತಿದ್ದಳು. ಯಾಕೆ ಹೀಗೆ ಎಂದು ಮಕ್ಕಳು ತಿರುಗಿ ಕೇಳಿದರೆ, "ನಂಗೂ ಗೊತ್ತಿಲ್ಲ, ನೋಡವ ಬನ್ನಿ" ಎಂದು ಜೊತೆಯಲ್ಲಿ ಕೂರುತ್ತಿದ್ದಳು. ನಾನು ನೋಡಿ ನೋಡಿ, ಸರ್ಕಾರ ಇವಳಿಗೆ ಗೊತ್ತಿಲ್ಲ ಅನ್ನುವುದಕ್ಕೇ ಸಂಬಳ ಕೊಡುತ್ತದಲ್ಲಪ್ಪ ಎಂದು ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದೇನೆ. ಊರಿನವರೂ ನಗುತ್ತಿದ್ದರು. "ಅಕ್ಸರ ಕಲೀಲಿ ಅಂತ ಕಳ್ಸುದ್ರೆ ಉಲ್ಲು ನೋಡ್ಕಂಡು ಬತ್ತದಲ್ಲ ಕೂಸು" ಎಂದು ಮುತ್ತಯ್ಯ ಎನ್ನುವವನು ದಾರಿಯಲ್ಲಿ ನಿಲ್ಲಿಸಿ ಕೇಳಿದ. ಅವಳು ಅವನ ಮಗನನ್ನೇ ಕರೆದು, ಅವರೆ ಬಳ್ಳಿ ಕೋಲನ್ನು ಯಾವ ಕಡೆಯಿಂದ ಸುತ್ತುತ್ತದೆ ಎಂದು ಅಪ್ಪನಿಗೆ ಹೇಳು ಎಂದಳು. ಹುಡುಗ ಗಾಳಿಯಲ್ಲಿ ಕೈ ಸುತ್ತಿಸಿ ತೋರಿಸಿದ. ಜನ್ಮವೆಲ್ಲ ಅವರೆ ಬೆಳೆದ ಮುತ್ತಯ್ಯ ಅವತ್ತು ಸಂಜೆ ಹೊಲಕ್ಕೆ ಹೋಗಿ ನೋಡಿಕೊಂಡು ಬಂದನಂತೆ. ಮತ್ತೆ ಆ ಮಾತು ಎತ್ತಲಿಲ್ಲ.

ಹೀಗೆ ವರ್ಷ ತುಂಬುವ ಹೊತ್ತಿಗೆ ಕುಂಬಳದ ರಗಳೆ ಬಂತು.

ಆ ಹುಳದ ಮನೆಯ ಪಕ್ಕದಲ್ಲೇ ದೊಡ್ಡಬಸಮ್ಮನವರ ಕುಂಬಳದ ಚಪ್ಪರ. ಪ್ರತಿ ವರ್ಷ ತಾವೇ ಬೀಜ ಊರಿ, ತಾವೇ ನೀರು ಹಾಕಿ ಬೆಳೆಸಿದ ಸಿಹಿಗುಂಬಳವನ್ನು ದೀಪಾವಳಿಗೆ ಮಾದಪ್ಪನ ಬೆಟ್ಟದ ದಾಸೋಹಕ್ಕೆ ಕಳಿಸುವುದು ಆಯಮ್ಮನ ಹರಕೆ. ಹನೂರಿನವರೆಗೆ ಗಾಡಿ, ಅಲ್ಲಿಂದ ಮುಂದಕ್ಕೆ ಬೆಟ್ಟಕ್ಕೆ ಹೋಗುವವರ ತಲೆಯ ಮೇಲೆ. ಗಂಡ ಕಾಯಿಲೆ ಬಿದ್ದು ಎದ್ದ ವರ್ಷ ಹೊತ್ತ ಹರಕೆ, ಗಂಡ ತೀರಿಕೊಂಡ ಮೇಲೂ ಬಿಟ್ಟಿರಲಿಲ್ಲ.

ನಮ್ಮ ಕಡೆ ಎಳೆ ಕಾಯಿಗೆ ಬೆರಳು ತೋರಿಸಬಾರದು. ತೋರಿಸಿದರೆ ಹೀಚು ಕೊಳೆತು ಬೀಳುತ್ತದೆ ಎನ್ನುತ್ತಾರೆ. ತೋರಿಸಲೇಬೇಕು ಎಂದರೆ ಬೆರಳನ್ನು ಮಡಿಸಿ ಗೆಣ್ಣಿನಿಂದ ತೋರಿಸಬೇಕು. ಹುಟ್ಟಿದಾಗಿನಿಂದ ಹಾಗೇ ಬೆಳೆದದ್ದರಿಂದ ನನ್ನ ಬೆರಳು ಈಗಲೂ ತಾನಾಗಿ ಮಡಿಸಿಕೊಳ್ಳುತ್ತದೆ. ದೊಡ್ಡಬಸಮ್ಮನವರು ಶಿಶುವಿಹಾರಕ್ಕೆ ಜಾಗ ಕೊಡುವಾಗ ಹಾಕಿದ ಷರತ್ತು ಇದೊಂದೇ. ಮಕ್ಕಳು ಚಪ್ಪರಕ್ಕೆ ಬೆರಳು ತೋರಿಸಕೂಡದು. ಶಿವರತ್ನಮ್ಮ ಮಾತು ಕೊಟ್ಟಿದ್ದಳು, ಮಕ್ಕಳಿಗೆ ಬೆರಳು ಮಡಿಸುವುದನ್ನೂ ಕಲಿಸಿದ್ದಳು.

ಆ ವರ್ಷ ಶ್ರಾವಣದಲ್ಲಿ ಹಗಲೂ ರಾತ್ರಿ ಜಡಿಮಳೆ ಹಿಡಿಯಿತು. ಚಪ್ಪರದಲ್ಲಿ ಮೊದಲು ಬಿಟ್ಟ ಹೀಚುಗಳೆಲ್ಲ ಹಳದಿ ತಿರುಗಿ ಉದುರಿದವು. ಆಯಮ್ಮನಿಗೆ ಮಕ್ಕಳ ಮೇಲೆ ಅನುಮಾನ ಬಂತು. ಬಾಯಿ ಬಿಟ್ಟು ಏನೂ ಹೇಳದೆ, ಹಳೆಯ ಸೀರೆಯೊಂದನ್ನು ಹರಿದು ತುಂಡು ಮಾಡಿ, ಹೊಸದಾಗಿ ಮೂಡಿದ ಪ್ರತಿಯೊಂದು ಹೀಚನ್ನೂ ಅದರ ತುದಿಯ ಮೊಗ್ಗಿನ ಸಮೇತ ಗಂಟು ಕಟ್ಟಿ ಮುಚ್ಚಿದರು. ಯಾವ ಬೆರಳೂ ಯಾವ ಕಣ್ಣೂ ತಾಗದಿರಲಿ ಎಂದು. ಅವೂ ಬಟ್ಟೆಯೊಳಗೇ ಕೊಳೆತವು. ಮತ್ತೆ ಮೂಡಿದ್ದಕ್ಕೆ ಇನ್ನೂ ಬಿಗಿಯಾಗಿ ಕಟ್ಟಿದರು. ಅವೂ ಹೋದವು.

ಒಂದು ಗುರುವಾರ ಬೆಳಿಗ್ಗೆ, ನಾನು ಮಕ್ಕಳಿಗೆ ಹಾಲಿನಪುಡಿ ಕದಡಿಕೊಡಲು ಹೋಗಿದ್ದಾಗ, ತಾಯಿ ಮಗ ಇಬ್ಬರೂ ಬಂದು ಬಾಗಿಲಲ್ಲಿ ನಿಂತರು. ದೊಡ್ಡಬಸಮ್ಮನವರು ಕೊಳೆತ ಹೀಚುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಬಿಚ್ಚಿ ನೆಲದ ಮೇಲೆ ಸುರಿದರು.

"ನಿಮ್ಮ ಮಕ್ಕ ನನ್ನ ಅರಕೆ ಮುರುದ್ರು ಕಣವ್ವ. ಸ್ವಾಮಾರಕ್ಕೆ ಮನೆ ಖಾಲಿ ಮಾಡ್ಕೊಡು."

ಪುಟ್ಟಬಸಪ್ಪ ತಲೆ ತಗ್ಗಿಸಿಕೊಂಡು ನಿಂತಿದ್ದರು. ಅವರ ಮುಖ ನೋಡಿದರೆ ಆ ಮಾತು ಅವರಿಗೆ ಇಷ್ಟವಿರಲಿಲ್ಲ, ಆದರೆ ಎದುರಾಡುವವರೂ ಅಲ್ಲ. ಆ ಜಾಗ ಹೋದರೆ ಊರಿನಲ್ಲಿ ಇನ್ನೊಂದು ಇಲ್ಲ. ದೊಡ್ಡಬಸಮ್ಮನವರು ಬೇಡ ಎಂದ ಮಕ್ಕಳನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಶಿಶುವಿಹಾರ ಅಲ್ಲಿಗೆ ಮುಗಿಯಿತು, ಇವಳು ಮತ್ತೆ ಬಂದು ನನ್ನ ಸಾರು ಉಕ್ಕಿಸಬೇಕು.

ಶಿವರತ್ನಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ಕೂತು, ಆ ಹೀಚುಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ನೋಡಿದಳು. ಆಮೇಲೆ ಹೇಳಿದಳು, "ಖಾಲಿ ಮಾಡ್ತೀನಿ ಅಮ್ಮ. ಓಗೋಕೆ ಮೊದ್ಲು ಒಂದ್ಸಲ ಮಕ್ಕಳ ಜೊತೇಲಿ ಚಪ್ಪರ ನೋಡಿ. ಇಷ್ಟೇ ಕೇಳೋದು."

"ನಾನೇನವ್ವ ನೋಡೋದದೆ? ನಾನು ನೆಟ್ಟ ಬಳ್ಳಿ" ಎಂದರು ಆಯಮ್ಮ. ಆದರೆ ಅಷ್ಟರಲ್ಲಿ ಪುಟ್ಟಮಲ್ಲಿ ಅಜ್ಜಿಯ ಕೈ ಹಿಡಿದು ಎಳೆಯಲು ಶುರು ಮಾಡಿದ್ದಳು. ಕುಂಬಳದ ಬಳ್ಳಿ ಅವಳ ಪಾಲಿಗೆ ಬಂದಿದ್ದ ಗಿಡ. ತನ್ನ ಗಿಡ ತೋರಿಸುವ ಖುಷಿಯಲ್ಲಿ, ಏನು ನಡೆಯುತ್ತಿದೆ ಎಂಬ ಕಲ್ಪನೆಯೂ ಅದಕ್ಕಿರಲಿಲ್ಲ.

ಎಲ್ಲರೂ ಚಪ್ಪರದಡಿ ನಿಂತೆವು. ಶಿವರತ್ನಮ್ಮ ದಿನಾ ಕೇಳುವಂತೆಯೇ ಕೇಳಿದಳು. "ನೆನ್ನೆ ಇಲ್ದೆ ಇದ್ದುದ್ದು ಇವತ್ತು ಏನದೆ?"

ಮಕ್ಕಳು ಗೆಣ್ಣು ಮುಂದೆ ಮಾಡಿ ಹೇಳತೊಡಗಿದವು. ಈ ಗಂಟಿನದು ಮೆತ್ತಗಾಗ್ಯದೆ. ಆ ಗಂಟಿನದರ ತೊಟ್ಟು ಹಳದಿ ಆಗ್ಯದೆ. ಇದರಲ್ಲಿ ನೀರು ಸೋರುತ್ತದೆ. ಮುತ್ತಯ್ಯನ ಮಗ ಹೇಳಿದ, "ಸೂರಿನ ಮ್ಯಾಲಿಂದು ಇನ್ನೂ ದಪ್ಪ ಆಗ್ಯದೆ."

ಆಗ ದೊಡ್ಡಬಸಮ್ಮನವರು ತಲೆಯೆತ್ತಿ ನೋಡಿದರು. ಬಳ್ಳಿಯ ಒಂದು ಕವಲು ಚಪ್ಪರ ಬಿಟ್ಟು ಹೆಂಚಿನ ಸೂರಿಗೆ ಹತ್ತಿತ್ತು. ಆಯಮ್ಮನ ಕೈಗೆ ಎಟುಕದಿದ್ದರಿಂದ ಅದಕ್ಕೆ ಬಟ್ಟೆ ಕಟ್ಟಿರಲಿಲ್ಲ. ಅಲ್ಲಿ ಒಂದು ಕಾಯಿ ಗಡಿಗೆಯಷ್ಟು ದಪ್ಪವಾಗಿ, ಹೊಳೆಯುತ್ತಾ ಕೂತಿತ್ತು.

"ಅದ್ಕೆ ಯಾರೂ ಬೆಳ್ಳು ತೋರ್ಸಿಲ್ಲ. ಅದ್ಕೇ ನೆಟ್ಟಗದೆ" ಎಂದರು ಆಯಮ್ಮ, ಮಗನ ಕಡೆ ತಿರುಗಿ. ತಮ್ಮ ಮಾತು ಸಾಬೀತಾಯಿತು ಅನ್ನುವ ಧ್ವನಿ.

"ತೋರ್ಸಿವಿ ಅಜ್ಜಿ" ಎಂದಳು ಪುಟ್ಟಮಲ್ಲಿ.

"ಮಡ್ಸಿ ತಾನೆ ತೋರ್ಸಿರದು?"

"ಇಲ್ಲ, ನೆಟ್ಟಗೆ. ಮಡ್ಸುದ್ರೆ ಅಷ್ಟು ಮ್ಯಾಲಕ್ಕೆ ಗೊತ್ತಾಗಕ್ಕಿಲ್ಲ."

"ನಾನೂವೆ" ಎಂದ ಮುತ್ತಯ್ಯನ ಮಗ. ನಾನೂವೆ, ನಾನೂವೆ ಎಂದು ಉಳಿದವೂ ಸೇರಿಕೊಂಡವು. ಒಂದು ಕೂಸು, ದಿನಾ ಎರಡು ಕೈಯಲ್ಲೂ ತೋರಿಸುತ್ತೇನೆಂದು ಮಾಡಿಯೇ ತೋರಿಸಿತು.

ಶಿವರತ್ನಮ್ಮ ಮಕ್ಕಳ ಕಡೆ ತಿರುಗಿದಳು. ಮಕ್ಕಳು ಹೀಗೆ ಮಾಡುತ್ತಿದ್ದದ್ದು ಅವಳಿಗೂ ಗೊತ್ತಿರಲಿಲ್ಲ. ಮಾತು ಕೊಟ್ಟವಳು ಅವಳು. ಆ ಮಾತು ಮುರಿದಿದೆ ಎಂದು ಅವಳ ಮಕ್ಕಳೇ, ಅದೂ ಒಬ್ಬರ ಮೇಲೊಬ್ಬರು ಬಿದ್ದು, ಮನೆ ಬಿಡಿಸಲು ಬಂದವರ ಮುಂದೆ ಹೇಳುತ್ತಿದ್ದಾರೆ. ನಾನಾಗಿದ್ದರೆ ಗದರಿಸಿ ಬಾಯಿ ಮುಚ್ಚಿಸುತ್ತಿದ್ದೆ. ನಿಜ ಹೇಳುತ್ತೇನೆ, ಅವಳೂ ಹಾಗೆ ಮಾಡಲಿ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

"ಅವ್ರು ಹೇಳೋದು ನಿಜ ಇರ್ಬೇಕು ಅಮ್ಮ" ಎಂದಳು. "ಕಂಡಿದ್ದನ್ನ ಕಂಡಂಗೆ ಹೇಳಿ ಅಂತ ನಾನೇ ಕಲಿಸಿರೋದು."

ದೊಡ್ಡಬಸಮ್ಮನವರು ಸೂರಿನ ಕಾಯಿಯನ್ನೇ ನೋಡುತ್ತಾ ನಿಂತರು. ಮುಖದ ಮೇಲಿದ್ದ ಸಿಟ್ಟು ಹೋಗಿರಲಿಲ್ಲ, ಆದರೆ ಆ ಸಿಟ್ಟಿಗೆ ಈಗ ಯಾರ ಮೇಲೆ ಹೋಗಬೇಕು ಎನ್ನುವುದೇ ತಿಳಿದಿರಲಿಲ್ಲ. ಇಷ್ಟು ಬೆರಳು ತಾಗಿದ ಕಾಯಿ ಗಟ್ಟಿಯಾಗಿದೆ, ತಾವು ಎದೆಗವಚಿಕೊಂಡ ಹಾಗೆ ಕಾಪಾಡಿದವು ಕೊಳೆತಿವೆ.

"ದಿನಾಲೂವಾ ತೋರ್ಸೀರಿ?"

"ದಿನಾಲೂವೆ ಅಜ್ಜಿ."

"ಮತ್ಯಾಕವ್ವ ಇಂಗೆ?" ಎಂದು ಆಯಮ್ಮ ಶಿವರತ್ನಮ್ಮನನ್ನು ಕೇಳಿದರು.

ಅವಳು ಏನು ಹೇಳಿದಳೆಂದು ನಿಮಗೆ ಗೊತ್ತೇ ಇದೆ. "ನಂಗೂ ಗೊತ್ತಿಲ್ಲ ಅಮ್ಮ. ನೋಡವ."

ಆಯಮ್ಮ ಗೊಣಗಿಕೊಂಡೇ ಚಪ್ಪರದ ಕೆಳಗಿನ ಒಂದೇ ಒಂದು ಗಂಟು ಬಿಚ್ಚಿದರು. ನಾಳೆ ಅರಳುವ ಮೊಗ್ಗು ಅದರಲ್ಲಿತ್ತು. ಸೋಮವಾರದ ಮಾತು ಹಾಗೇ ಇದೆ ಎಂದು ಹೇಳಿ ಹೋದರು.

ಮರುದಿನ ಹೊತ್ತು ಮೂಡುವ ಮೊದಲೇ ನಾವು ಹೋದಾಗ ದೊಡ್ಡಬಸಮ್ಮನವರು ಕಂಬಳಿ ಹೊದ್ದು ಚಪ್ಪರದ ಮುಂದೆ ಆಗಲೇ ಕೂತಿದ್ದರು. ಮಳೆ ಬಿಟ್ಟಿತ್ತು. ಮಕ್ಕಳು ಅವರ ಅಕ್ಕಪಕ್ಕ ಒತ್ತಿಕೊಂಡು ಕೂತವು. ಗಂಟು ಬಿಚ್ಚಿದ್ದ ಮೊಗ್ಗು ಅರಳಿತು. ಬಿಸಿಲು ಎಳೆ ಎಳೆಯಾಗಿ ಬಿದ್ದ ಮೇಲೆ ಜೇನುಹುಳಗಳು ಬಂದವು. ಒಂದು, ಕಾಯಿಲ್ಲದ ಬರೀ ಹೂವಿನೊಳಗೆ ಹೊಕ್ಕು ಮೈಯೆಲ್ಲ ಹಳದಿ ಹಿಟ್ಟು ಮೆತ್ತಿಕೊಂಡು ಹೊರಬಂದು, ಹೀಚಿರುವ ಈ ಹೂವಿನೊಳಗೆ ಇಳಿಯಿತು. ಮತ್ತೊಂದು ಹಾರಿ ಬಂದು ಬಟ್ಟೆ ಕಟ್ಟಿದ ಗಂಟಿನ ಮೇಲೆ ಕೂತಿತು. ಗಂಟಿನ ಸುತ್ತ ನಡೆಯಿತು, ಮಡಿಕೆಯೊಳಗೆ ಮೂತಿ ತೂರಿಸಿತು, ಮತ್ತೆ ಸುತ್ತಿತು.

"ಅಜ್ಜಿ, ಜೇನುಳ ಬಾಕ್ಲು ಹುಡುಕ್ತಾ ಅದೆ" ಎಂದಳು ಪುಟ್ಟಮಲ್ಲಿ.

ಜೇನುಹುಳ ದಾರಿ ಕಾಣದೆ ಹಾರಿಹೋಯಿತು. ದೊಡ್ಡಬಸಮ್ಮನವರು ಮಂಡಿಯ ಮೇಲೆ ಕೈಯೂರಿ ಎದ್ದರು. ಚಪ್ಪರದ ಈ ತುದಿಯಿಂದ ಆ ತುದಿಯವರೆಗೂ ಹೋಗಿ ಎಲ್ಲ ಗಂಟುಗಳನ್ನೂ ಬಿಚ್ಚಿದರು. ಬಿಚ್ಚಿದ ಬಟ್ಟೆಗಳನ್ನು ಶಿವರತ್ನಮ್ಮನ ಕೈಗೆ ಕೊಟ್ಟು, "ಸಿಲೇಟು ಒರ್ಸೋಕೆ ಆಯ್ತದೆ, ಇಟ್ಕೊ" ಎಂದರು. ಸೋಮವಾರ ಬಂತು, ಹೋಯಿತು. ಮನೆ ಖಾಲಿ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ.

ಅವತ್ತು ಮನೆಗೆ ಬರುವಾಗ ನಾನು ಅವಳನ್ನು ಕೇಳಿದೆ, ನಿಜವಾಗಿಯೂ ನಿನಗೆ ಗೊತ್ತಿರಲಿಲ್ಲವೇ ಎಂದು. "ಹೂವಿನ ಪುಡಿ, ಜೇನ್ನೊಣ, ಎಲ್ಲಾನೂ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೆ ಕಣಕ್ಕ. ಕಣ್ಣಾರೆ ಕಂಡಿರ್ಲಿಲ್ಲ. ಕಾಣ್ದೆ ಇದ್ದುದ್ದನ್ನ ಗೊತ್ತು ಅಂತ ಎಂಗೇಳ್ಳಿ?" ಎಂದಳು. ಆಮೇಲೆ ದಾರಿಯಲ್ಲೇ ನಿಂತು ಅತ್ತಳು. ಹಿಂದಿನ ದಿನ ಅಳಬೇಕಾಗಿದ್ದ ಅಳು ಅದು. ಅವಳ ಮಕ್ಕಳು ಹೆದರದೆ ನಿಜ ಹೇಳಿದ್ದನ್ನು ನೆನೆಸಿಕೊಂಡು ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಇವಳು ನಮ್ಮ ಮನೆಯವಳು ಎಂದು ಎದೆಯುಬ್ಬಿ ಬಂತು. ರಸ್ತೆಯಲ್ಲಿ ಹೋಗುತ್ತಿದ್ದವರು ಅತ್ತೆ ಕಾಟಕ್ಕೆ ಸೊಸೆಯರು ಅಳುತ್ತಿದ್ದಾರೆ ಅಂದುಕೊಂಡಿರಬೇಕು.

ಆ ಸಲ ಚಪ್ಪರದ ಕಾಯಿ ತಡವಾಗಿ ಬಂದವು, ಆದರೂ ದೀಪಾವಳಿಯ ಹೊತ್ತಿಗೆ ಗಾಡಿಗೆ ಸಾಕಾಗುವಷ್ಟು ಬಲಿತವು. ಸೂರಿನ ಮೇಲಿನದನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಇಷ್ಟು ಬೆರಳು ತಾಗಿದ್ದು ದೇವರಿಗೆ ಸಲ್ಲುತ್ತದೋ ಇಲ್ಲವೋ ಎಂದು ಮನೆಯ ಹೆಂಗಸರು ಪಿಸುಗುಟ್ಟಿದರು. ದೊಡ್ಡಬಸಮ್ಮನವರು ಆಳನ್ನು ಸೂರಿಗೆ ಹತ್ತಿಸಿ ಅದನ್ನು ಇಳಿಸಿದರು. ತೊಳೆದು, ವಿಭೂತಿ ಹಚ್ಚಿ, ಗಾಡಿಯಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟರು. ಇದು ಮಕ್ಕಳದು, ಮೊದಲು ಇದು ಹೋಗಲಿ ಎಂದರು. ಗಾಡಿ ಹನೂರಿನ ರಸ್ತೆಗೆ ಇಳಿಯುವವರೆಗೂ ಮಕ್ಕಳು ಹಿಂದೆ ಓಡಿದವು.

ಅದಾದ ಮೇಲೆ ವರ್ಷಗಳು ಬೇಕಾದಷ್ಟು ಹೋದವು. ಪುಟ್ಟಮಲ್ಲಿ ಕೊಳ್ಳೇಗಾಲದ ಹೈಸ್ಕೂಲಿಗೆ ಹೋಗಿ ಬಂದಳು. ಶಿಶುವಿಹಾರ ಮಾತ್ರ ಈ ಎಪ್ಪತ್ತನಾಲ್ಕರಲ್ಲೂ ಅದೇ ಹುಳದ ಮನೆಯಲ್ಲಿದೆ. ಮೊದಲು ಕಲಿತವರ ಕೊನೆಯ ತಮ್ಮ ತಂಗಿಯರು ಈಗ ಅಲ್ಲಿ ಗಿಡದ ಮುಂದೆ ಕೂರುತ್ತಾರೆ. ಶಿವರತ್ನಮ್ಮನಿಗೆ ತಲೆ ನರೆಯತೊಡಗಿದೆ, ಸಾರು ಮಾಡುವುದು ಇನ್ನೂ ಬಂದಿಲ್ಲ.

ದೊಡ್ಡಬಸಮ್ಮನವರಿಗೆ ಈಗ ಎರಡು ಕಣ್ಣಿಗೂ ಪೊರೆ ಬಂದು ಬೆಳಕು ಕತ್ತಲು ಬಿಟ್ಟರೆ ಏನೂ ಕಾಣುವುದಿಲ್ಲ. ಆದರೂ ಬೆಳಿಗ್ಗೆ ಎದ್ದು ಗೋಡೆ ತಡವಿಕೊಂಡು ಹಿತ್ತಿಲಿಗೆ ಬಂದು ಚಪ್ಪರದ ಮುಂದೆ ಕೂರುತ್ತಾರೆ. ಮಕ್ಕಳು ಬಂದ ಸದ್ದು ಕೇಳಿದ ತಕ್ಷಣ ಶಿವರತ್ನಮ್ಮ ಬಾಯಿ ತೆರೆಯುವ ಮೊದಲೇ ಆ ಪ್ರಶ್ನೆಯನ್ನು ತಾವೇ ಕೇಳಿಬಿಡುತ್ತಾರೆ.

ಮೊನ್ನೆ ನಾನು ಹೋದಾಗಲೂ ಕೇಳಿದರು. ಒಂದು ಪುಟ್ಟ ಹುಡುಗಿ, ಹೊಸ ಹೀಚು ಮೂಡಿದೆ ಎಂದಿತು. "ಎಲ್ಲದೆ ಕೂಸು? ನಂಗೂ ತೋರ್ಸು" ಎಂದು ಆಯಮ್ಮ ಕೈ ಮುಂದೆ ಚಾಚಿದರು. ಎಂಬತ್ತು ದಾಟಿದ ಜೀವ, ಅಭ್ಯಾಸ ಎಲ್ಲಿ ಹೋಗುತ್ತದೆ, ಬೆರಳು ತಾನಾಗಿ ಮಡಿಸಿಕೊಂಡಿತ್ತು.

ಆ ಹುಡುಗಿ ಹತ್ತಿರ ಹೋಗಿ ಆ ಬೆರಳನ್ನು ಹಿಡಿದು, ನಿಧಾನವಾಗಿ ಬಿಡಿಸಿ ನೆಟ್ಟಗೆ ಮಾಡಿತು. ಆಮೇಲೆ ಅದನ್ನು ಹೀಚಿನ ಕಡೆಗೆ ತಿರುಗಿಸಿ, "ಅಗೋ ಅಲ್ಲಿ" ಎಂದಿತು.

"ಅಂಗಾ?" ಎಂದರು ದೊಡ್ಡಬಸಮ್ಮನವರು. ಬೆರಳನ್ನು ಹಾಗೇ ನೆಟ್ಟಗೆ ಹಿಡಿದುಕೊಂಡು ಕೂತರು.